ಕತ್ತಿಯವಳೂ ಹಲ್ಲಿಯೂ

ಗಂಗಾಧರಯ್ಯನವರು ಯಾವ ಯಂತ್ರವನ್ನೂ ಮೊದಲು ಕಣ್ಣಿನಿಂದ ನೋಡಿದವರಲ್ಲ, ಕಿವಿಯಿಂದ ನೋಡಿದವರು. ಕೆಟ್ಟ ರೇಡಿಯೋ ತಂದವರು ಅದರ ಕಷ್ಟಸುಖ ಹೇಳಲು ಶುರುಮಾಡಿದರೆ, "ಇರಿ, ಅದೇ ಹೇಳ್ಲಿ" ಎಂದು ಅಂಗೈ ತೋರಿಸಿ ನಿಲ್ಲಿಸುವರು. ಆಮೇಲೆ ಸ್ವಿಚ್ಚು ಹಾಕಿ, ಪೆಟ್ಟಿಗೆಯ ಬೆನ್ನಿಗೆ ಕಿವಿ ಕೊಟ್ಟು, ಕೂಸಿನ ಎದೆಬಡಿತ ಕೇಳುವವರ ಹಾಗೆ ಕಣ್ಣು ಮುಚ್ಚಿಕೊಳ್ಳುವರು. ಈ ಅಭ್ಯಾಸ ನೋಡಿ ನೋಡಿ ಅವರ ಹೆಂಡತಿ ಕಮಲಾದೇವಿಗೂ ಕೇಳುವುದು ಬಂದುಬಿಟ್ಟಿತ್ತು. ಹಾಲಿನವನ ಸೈಕಲ್ಲಿನ ಚೈನು ಸಡಿಲವಾಗಿದ್ದರೆ ಒಳಮನೆಯಲ್ಲೇ ಕೂತು ಹೇಳುತ್ತಿದ್ದರು.

ಗಂಗಾಧರಯ್ಯನವರದು ತಿಪಟೂರಿನ ಕಡೆಯ ಅಯ್ಯನವರ ಮನೆ. ಹದಿನೆಂಟಕ್ಕೆ ಜಯನಗರಕ್ಕೆ ಬಂದು ರೇಡಿಯೋ ರಿಪೇರಿ ಕಲಿತರು. ಆಮೇಲೆ ಬಂತು ಕಪ್ಪುಬಿಳುಪು ಟೀವಿ. ಆ ಕಾಲದಲ್ಲಿ ಅರ್ಧ ಜಯನಗರದ ಮಹಡಿಗಳ ಮೇಲೆ ನಿಂತು, ಆಂಟೆನಾ ತಿರುಗಿಸುತ್ತಾ "ಬಂತಾ? ಈಗ ಬಂತಾ?" ಎಂದು ಕೂಗಿದ ಗಂಟಲು ಅವರದು. ಕೆಳಗಿನಿಂದ "ಬಂತು ಬಂತು, ಅಯ್ಯೋ ಹೋಯ್ತು!" ಎಂದು ಕೂಗಿದ ಮನೆಗಳಲ್ಲೆಲ್ಲ ಅವರಿಗೆ ಕಾಫಿ ಸಿಕ್ಕಿದೆ. ಬಣ್ಣದ ಟೀವಿ ಬಂದು, ಅದೂ ಹಳೆಯದಾಗಿ, ಜನ ರಿಪೇರಿ ಮಾಡಿಸುವ ಬದಲು ಹೊಸದು ತರುವ ಕಾಲ ಬಂದಾಗ ಅವರಿಗೆ ನಲವತ್ತೇಳು. ಬನಶಂಕರಿ ಎರಡನೇ ಹಂತದ ಕಂಪ್ಯೂಟರ್ ಕ್ಲಾಸಿಗೆ ಹೋಗಿ, ಹದಿನೆಂಟರ ಹುಡುಗರ ನಡುವೆ ಮುಂದಿನ ಬೆಂಚಿನಲ್ಲಿ ಕೂತು, ಆರು ತಿಂಗಳು ನೋಟ್ಸು ಬರೆದರು. ಅಂಗಡಿಯ ಬೋರ್ಡಿನಲ್ಲಿ 'ಗುರುಬಸವ ರೇಡಿಯೋ ಟೀವಿ' ಎಂದಿದ್ದುದರ ಪಕ್ಕದಲ್ಲಿ 'ಮತ್ತು ಕಂಪ್ಯೂಟರ್' ಎಂದು ಸೇರಿಸಿದರು. ಹಳೆಯ ಅಕ್ಷರ ಮಾಸಿದ ಕೆಂಪು, ಹೊಸದು ಹೊಳೆಯುವ ನೀಲಿ. ಒಂದೇ ಬಣ್ಣ ಹೊಡೆಸಿ ಎಂದು ಎಷ್ಟು ಜನ ಹೇಳಿದರೂ, "ಯಾವುದು ಯಾವಾಗ ಕಲ್ತಿದ್ದು ಅಂತ ಗೊತ್ತಾಗ್ಲಿ ಬಿಡಿ" ಎನ್ನುತ್ತಿದ್ದರು.

ಅವರ ವ್ಯಾಪಾರದಲ್ಲಿ ಒಂದು ಪದ್ಧತಿ ಇತ್ತು. ಗಿರಾಕಿಗೆ ಕೊಡುವ ಯಾವ ಹೊಸ ಭಾಗವೂ ಕುಮಾರಸ್ವಾಮಿ ಲೇಔಟಿನ ಅವರ ಮನೆಯ ಪಡಸಾಲೆಯಲ್ಲಿ ಒಂದು ದಿನ ಇದ್ದು ಹೋಗಬೇಕು. ಅದಕ್ಕೆಂದೇ ಅಲ್ಲೊಂದು ಕಂಪ್ಯೂಟರು ಪಕ್ಕದ ತಗಡು ಬಿಚ್ಚಿಸಿಕೊಂಡು, ಕರುಳು ತೋರಿಸಿಕೊಂಡು ಕೂತಿರುತ್ತಿತ್ತು. "ಹೆಣ್ಣು ಕೊಡೋ ಮುಂಚೆ ಹುಡುಗನ್ನ ಮನೆಗೆ ಕರೆದು ಊಟ ಹಾಕಿ ನೋಡಲ್ವಾ? ಹಂಗೇ ಇದು" ಎಂಬುದು ಅವರ ಮಾತು. ಅವರು ಅಂಗಡಿಗೆ ಹೋದ ಮೇಲೆ ಹುಡುಗನನ್ನು ನೋಡುವ ಕೆಲಸ ಕಮಲಾದೇವಿಯದು.

ಕಮಲಾದೇವಿ ಓದಿದ್ದು ಮೂರನೇ ಕ್ಲಾಸು. ಪರದೆಯ ಮೂಲೆಯಲ್ಲಿ ವೇಗ ತೋರಿಸುವ ಇಂಗ್ಲಿಷ್ ಅಂಕಿಗಳು ಪುಳಪುಳನೆ ಬದಲಾಗುವುದನ್ನು ಹಿಡಿಯಲು ಅವರಿಗೆ ಆಗುತ್ತಿರಲಿಲ್ಲ. ಟೀವಿಯ ಕಾಲದಿಂದಲೂ ಅವರ ಅಳತೆಯೇ ಬೇರೆ. ಸ್ವಿಚ್ಚು ಹಾಕಿದ ಮೇಲೆ ಚಿತ್ರ ಬರುವವರೆಗೆ ಎಷ್ಟು 'ನಮಃ ಶಿವಾಯ' ಆಗುತ್ತದೆಂದು ಬೆರಳಿನ ಗೆಣ್ಣಿನ ಮೇಲೆ ಎಣಿಸಿ, ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದಿಡುವರು. ಮೂವತ್ತು ವರ್ಷ ಒಂದೇ ಲಯದಲ್ಲಿ ಹೇಳಿದ ಜಪ, ಅದರಲ್ಲಿ ಅವಸರವೂ ಇಲ್ಲ, ಆಲಸ್ಯವೂ ಇಲ್ಲ. ಗಂಗಾಧರಯ್ಯನವರು ಒಮ್ಮೆ ಗಡಿಯಾರ ಹಿಡಿದು ಪರೀಕ್ಷೆ ಮಾಡಿ ಬೆರಗಾಗಿದ್ದರು. "ನಮ್ಮ ಮನೇಲಿ ಮೀಟರ್ ಒಂದಿದೆ ಕಣ್ರೀ, ಕರೆಂಟ್ ಬೇಡ, ಬೆಳಗ್ಗೆ ಒಂದು ಲೋಟ ಕಾಫಿ ಕೊಟ್ರೆ ಸಾಕು" ಎಂದು ಅಂಗಡಿಯಲ್ಲಿ ಹೇಳಿಕೊಂಡು ಬಂದಿದ್ದರು.

ಎರಡು ಸಾವಿರದ ನಾಲ್ಕರ ದೀಪಾವಳಿ ಆದ ಮೇಲಿನ ಸೋಮವಾರ ಸ್ಪಂದನಾ ಎನ್ನುವ ಹುಡುಗಿ ಮನೆಗೆ ಬಂದಳು. ಹಾವೇರಿಯವಳು, ಇಟ್ಟಮಡುವಿನಲ್ಲಿ ಒಂದು ರೂಮು ಮಾಡಿಕೊಂಡಿದ್ದಳು. ಕಟ್ಟಡ ಕಟ್ಟುವ ಮೊದಲೇ ಅದರೊಳಗೆ ಓಡಾಡಿದ ಹಾಗೆ ಕಂಪ್ಯೂಟರಿನಲ್ಲಿ ತೋರಿಸುವುದು ಅವಳ ಕೆಲಸ. ಇಂಜಿನಿಯರೊಬ್ಬರ ಆಫೀಸಿನಲ್ಲಿ ಇದ್ದವಳು ಅದನ್ನು ಬಿಟ್ಟು, ಸ್ವಂತಕ್ಕೆ ಮೊದಲನೇ ಕೆಲಸ ಹಿಡಿದಿದ್ದಳು. ಜೆ.ಪಿ. ನಗರದ ಶಾಂತವೀರಪ್ಪ ಎನ್ನುವ ಸಾಹುಕಾರರು ಕಟ್ಟಿಸಲಿರುವ ಕಲ್ಯಾಣಮಂಟಪ ಅದು. ಶನಿವಾರ ಹನ್ನೊಂದಕ್ಕೆ ಅವರು ನೋಡಲು ಬರುವರು. ಒಪ್ಪಿದರೆ ಅವರ ಉಳಿದ ಕಟ್ಟಡಗಳೂ ಇವಳಿಗೇ.

"ಬರೀ ಗ್ವಾಡಿ ಇದ್ದಾಗ ಚಲೋ ಓಡ್ತಿತ್ರೀ ಅಂಕಲ್" ಎಂದಳು ಸ್ಪಂದನಾ. "ಕಂಬ, ಕಮಾನು, ಕುರ್ಚಿ ಹಾಕಿದ ಕೂಡ್ಲೇ ನಿಂತು ನಿಂತು ಹೊಂಟೈತ್ರಿ. ಮುದುಕಿ ಮೆಟ್ಲ ಹತ್ತಿದಂಗ."

"ಮುದುಕಿ ಅಂದ್ರೆ ನಮ್ಮ ಕಡೆ ನೋಡ್ಬೇಡಮ್ಮ" ಎಂದರು ಕಮಲಾದೇವಿ, ಕಾಫಿ ಕೊಡುತ್ತಾ.

"ಅಯ್ಯ, ನಿಮಗಲ್ರೀ ಆಂಟಿ!" ಎಂದು ಅವಳು ನಾಲಗೆ ಕಚ್ಚಿಕೊಂಡಳು.

ಅವಳಿಗೆ ಬೇಕಾದದ್ದು ಗ್ರಾಫಿಕ್ಸ್ ಕಾರ್ಡು. ಕಂಪ್ಯೂಟರಿನೊಳಗೆ ಚಿತ್ರ ಬರೆಯುವ ಕೆಲಸಕ್ಕೇ ಬೇರೆಯಾಗಿ ಕೂರಿಸುವ ಒಂದು ಹಲಗೆ. ಅವಳ ಕೈಗೆಟುಕುವಂಥವು ಎರಡಿದ್ದವು. ಗಂಗಾಧರಯ್ಯನವರ ಅಂಗಡಿಯ ಎದುರಿಗೇ ಗಾಜಿನ ಬಾಗಿಲಿನ ಅಂಗಡಿ ಇಟ್ಟಿದ್ದ ತಿರುಮಲೇಶ ಒಂದನ್ನು ಹೇಳಿದ್ದ. ಗಂಗಾಧರಯ್ಯನವರ ಮನಸ್ಸು ಇನ್ನೊಂದರ ಮೇಲೆ ಇತ್ತು. ತಿರುಮಲೇಶನಿಗೆ ಮೂವತ್ತೂ ಆಗಿರಲಿಲ್ಲ. ಅವನು ಅವರನ್ನು 'ರೇಡಿಯೋ ಸಾರ್' ಎಂದು ಕರೆಯುತ್ತಿದ್ದ. ಅದರಲ್ಲಿ ಮರ್ಯಾದೆ ಎಷ್ಟು, ಗೇಲಿ ಎಷ್ಟು ಎಂದು ಅವರಿಗೆ ಎಂದೂ ಬಗೆಹರಿದಿರಲಿಲ್ಲ. ಆ ದಿನ ಟೀ ಅಂಗಡಿಯ ಮುಂದೆ ನಾಲ್ಕು ಜನರೆದುರು ಅವನು, "ಸಾರ್, ಡಬ್ಬದ ಮೇಲಿನ ನಂಬರ್ ನೋಡಿ ಕಾರ್ಡ್ ತಗೊಳ್ಳೋ ಕಾಲ ಹೋಯ್ತು ಸಾರ್" ಎಂದಿದ್ದನಂತೆ. ಇವರು, "ನಮ್ಮನೇಲಿ ಎರಡೂ ಒಂದೊಂದು ದಿನ ಇರುತ್ತೆ ಕಣಯ್ಯ. ಗುರುವಾರದೊಳಗೆ ಹೇಳ್ತೀನಿ ಯಾವುದು ಅಂತ" ಎಂದು ಬಂದಿದ್ದರು.

ಮರುದಿನ ಬೆಳಗ್ಗೆಯೇ ಎಸ್.ಪಿ. ರಸ್ತೆಯ ಪರಿಚಯದ ವ್ಯಾಪಾರಿಯಿಂದ ಎರಡನ್ನೂ ತಂದರು. ಬೇಡವಾದದ್ದನ್ನು ಶುಕ್ರವಾರ ಮಧ್ಯಾಹ್ನದೊಳಗೆ ವಾಪಸು ಕೊಡಬೇಕು ಎಂಬ ಮಾತಿನ ಮೇಲೆ ತಂದದ್ದು. ಡಬ್ಬಗಳನ್ನು ನೋಡಿ ಕಮಲಾದೇವಿಗೆ ನಗು ತಡೆಯಲಾಗಲಿಲ್ಲ. ಒಂದರ ಮೇಲೆ ಅರೆಬರೆ ಬಟ್ಟೆ ತೊಟ್ಟು ಕತ್ತಿ ಹಿಡಿದು ನಿಂತ ಹೆಂಗಸು. ಇನ್ನೊಂದರ ಮೇಲೆ ಬೆಂಕಿ ಉಗುಳುವ ರೆಕ್ಕೆಯ ಪ್ರಾಣಿ, ಅವರ ಕಣ್ಣಿಗೆ ಅದು ಅಡುಗೆಮನೆಯ ಹಲ್ಲಿಗೆ ರೆಕ್ಕೆ ಬಂದ ಹಾಗೆ.

"ಇದ್ಯಾಕ್ರೀ ಹಿಂಗೆ? ಒಳಗಿರೋದು ಬರೀ ಹಲಗೆ ತಾನೇ?"

"ಅದು ಹಂಗೇ ಕಣೇ. ಆಟ ಆಡೋ ಹುಡುಗರಿಗೆ ಇಷ್ಟ ಆಗ್ಲಿ ಅಂತ."

ಅಂದಿನಿಂದ ಅವುಗಳ ಹೆಸರು ಕತ್ತಿಯವಳು ಮತ್ತು ಹಲ್ಲಿ ಎಂದೇ ಆಯಿತು. ಕತ್ತಿಯವಳ ಡಬ್ಬದ ಮೇಲೆ ಇನ್ನೂರೈವತ್ತಾರು ಎಂದು ಬೆರಳುದ್ದದ ಅಕ್ಷರದಲ್ಲಿ ಬರೆದಿತ್ತು, ಅದು ಅವಳ ಮೆಮೊರಿ. ಮೈಮೇಲೆ ಒಂದು ಪುಟ್ಟ ಫ್ಯಾನು. ಹಲ್ಲಿಗೆ ನೂರಿಪ್ಪತ್ತೆಂಟೇ. ಫ್ಯಾನೂ ಇಲ್ಲ, ಬಿಸಿ ಹೋಗಲೆಂದು ಬಾಚಣಿಗೆಯ ಹಾಗೆ ಹಲ್ಲು ಹಲ್ಲಾದ ಒಂದು ಅಲ್ಯೂಮಿನಿಯಂ ತುಂಡು. "ಅರ್ಧಕ್ಕರ್ಧ ಮೆಮೊರಿ, ಮೇಲೆ ಗಾಳೀನೂ ಇಲ್ಲ. ಇದನ್ನ ತಗೊಳ್ಳಿ ಅಂತಾನಲ್ಲ ಆ ತಿರುಮಲೇಶ" ಎಂದು ಗಂಗಾಧರಯ್ಯನವರು ಹಲ್ಲಿಯ ಡಬ್ಬವನ್ನು ತುಸು ದೂರಕ್ಕೇ ಇಟ್ಟರು.

ಸ್ಪಂದನಾ ಕೊಟ್ಟಿದ್ದ ಸೀಡಿಯಲ್ಲಿ ಮಂಟಪ ಇತ್ತು. ಗೇಟಿನಿಂದ ಒಳಹೊಕ್ಕು, ಕುರ್ಚಿಗಳ ಸಾಲಿನ ನಡುವೆ ಸಾಗಿ, ವೇದಿಕೆಯನ್ನು ಸುತ್ತಿ, ಕಮಾನಿನ ಕೆಳಗಿನಿಂದ ಮತ್ತೆ ಗೇಟಿಗೆ ಬಂದರೆ ಒಂದು ಸುತ್ತು. ಮುಗಿದ ಕೂಡಲೇ ತಾನಾಗಿ ಮತ್ತೆ ಶುರುವಾಗುವುದು. ಮಂಗಳವಾರ ದಿನವೆಲ್ಲ ಕತ್ತಿಯವಳು ಓಡಿದಳು. ಫ್ಯಾನಿನದು ಗುಂಯ್ ಎನ್ನುವ ಸದ್ದು. ಕಮಲಾದೇವಿ ಸೊಪ್ಪು ಬಿಡಿಸುತ್ತಾ ಎಣಿಸಿದರು, ಬಟ್ಟೆ ಮಡಿಸುತ್ತಾ ಎಣಿಸಿದರು. ಒಂದು ಸುತ್ತಿಗೆ ನಲವತ್ನಾಲ್ಕು ನಮಃ ಶಿವಾಯ. ಕಮಾನಿನ ಹತ್ತಿರ ಚಿತ್ರ ಒಂದಿಷ್ಟು ಬಿಕ್ಕುತ್ತಿತ್ತು. ಆದರೂ ಎಲ್ಲೂ ನಿಲ್ಲಲಿಲ್ಲ.

ಬುಧವಾರ ಹಲ್ಲಿಯ ಸರದಿ. ಗಂಗಾಧರಯ್ಯನವರು ಅದನ್ನು ಕೂರಿಸಿ, ಚಿತ್ರ ಬಂದದ್ದನ್ನು ನೋಡಿ, ಅಂಗಡಿಯ ಹತ್ತಿರ ಯಾರೋ ಕಾಯುತ್ತಿದ್ದಾರೆಂದು ಫೋನು ಬಂದದ್ದರಿಂದ ಅಂಕಿ ನೋಡಲೂ ನಿಲ್ಲದೆ ಓಡಿದರು. ಪಡಸಾಲೆ ನಿಶ್ಶಬ್ದವಾಯಿತು. ಕಮಲಾದೇವಿ ಬಾಗಿ ಕಿವಿ ಕೊಟ್ಟರೂ ಹಲ್ಲಿ ಪಿಟ್ಟೆನ್ನಲಿಲ್ಲ. ಆದರೆ ಪರದೆಯ ಮೇಲೆ ಮಂಟಪ ತೇರಿನಂತೆ ಅಲ್ಲ, ಕೆರೆಯ ಮೇಲಿನ ದೋಣಿಯಂತೆ ಸಾಗುತ್ತಿತ್ತು. ಅವರು ಎಣಿಸಿದರು. ಇಪ್ಪತ್ಮೂರಕ್ಕೇ ಸುತ್ತು ಮುಗಿಯಿತು. ತಪ್ಪಿರಬೇಕೆಂದು ಮತ್ತೆ ಎಣಿಸಿದರು. ಮತ್ತೆ ಇಪ್ಪತ್ಮೂರು. ಮೂರನೇ ಸಲವೂ ಅದೇ. ಕ್ಯಾಲೆಂಡರಿನ ಹಿಂದೆ 'ಕತ್ತಿ ೪೪' ಎಂದಿದ್ದುದರ ಕೆಳಗೆ 'ಹಲ್ಲಿ ೨೩' ಎಂದು ದುಂಡಗೆ ಬರೆದಿಟ್ಟರು.

ಆಮೇಲೆ ಅವರು ಮಾಡಿದ್ದು ಯಾವ ಗೃಹಿಣಿಯಾದರೂ ಮಾಡುವಂಥದ್ದೇ. ತುಮಕೂರಿಗೆ ಕೊಟ್ಟ ಮಗಳು ವಿಜಯಲಕ್ಷ್ಮಿಗೆ ಸಾರಿನ ಪುಡಿ ಕಳಿಸಬೇಕಿತ್ತು. ಬಾಣಲೆಗೆ ಬ್ಯಾಡಗಿ ಮೆಣಸಿನಕಾಯಿ ಬಿದ್ದು ಘಾಟು ಎದ್ದಿತು. ಹೊಗೆ ಪಡಸಾಲೆಗೆ ಬಂತು. ಆ ಬಿಚ್ಚಿದ ಯಂತ್ರ, ಅದರೊಳಗೆ ಯಾರದೋ ಹೊಸ ಕಾರ್ಡು, ಈ ಎಣ್ಣೆಹೊಗೆ ಹೋಗಿ ಅಂಟಿದರೆ? ಅವರ ಮನೆಯಲ್ಲಿ ಕಂಪ್ಯೂಟರಿಗೆ ಒಂದು ಗವಸು ಇತ್ತು. ಗಟ್ಟಿ ಮಖಮಲ್ಲಿನದು, ಒಳಗೆ ಅಸ್ತರಿ, ಮೇಲೆ ಎರಡು ಗಿಣಿ, ನಡುವೆ ದಾಳಿಂಬೆ. ಮೂರು ತಿಂಗಳು ಕೂತು ಕಸೂತಿ ಹಾಕಿದ್ದು. ದಿನಾ ಸಂಜೆ ಯಂತ್ರ ಆರಿಸಿದ ಮೇಲೆ ಹೊದಿಸುವುದು ರೂಢಿ. ಓಡುತ್ತಿರುವಾಗ ಹೊದಿಸಿದ್ದು ಅಂದೇ ಮೊದಲು. ಹೊಗೆ ಹೋಗುವವರೆಗೆ ತಾನೇ ಎಂದುಕೊಂಡು ಪೆಟ್ಟಿಗೆಯ ಮೇಲಿನಿಂದ ಬುಡದವರೆಗೆ ಎಳೆದು, ಅಡುಗೆಮನೆಗೆ ಹೋದರು. ಮೆಣಸಿನಕಾಯಿ ಆಯಿತು, ಧನಿಯಾ ಆಯಿತು, ಜೀರಿಗೆ, ಮೆಂತ್ಯ, ಕರಿಬೇವು ಆಯಿತು. ಅಷ್ಟರಲ್ಲಿ ನೀರು ಬಂತೆಂದು ಪಕ್ಕದವರು ಕೂಗಿದರು.

ಒಂದೂವರೆ ಗಂಟೆಯ ಮೇಲೆ ಬಂದು ನೋಡಿದರೆ ಪರದೆಯ ಮೇಲೆ ಮಂಟಪ ಇಲ್ಲ. ಇಳಕಲ್ ಸೀರೆಯ ದಡಿಯ ಹಾಗೆ ಅಡ್ಡಡ್ಡ ಪಟ್ಟೆ, ಅದೂ ನಿಂತಲ್ಲೇ ನಿಂತದ್ದು. ಗವಸು ತೆಗೆದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಶಾಖ ಮುಖಕ್ಕೆ ಬಡಿಯಿತು. ಏನಾಯಿತೆಂದು ಯಾರೂ ಹೇಳಬೇಕಾಗಿರಲಿಲ್ಲ. ಅವರು ಗವಸನ್ನು ಮಡಿಸಿ ಟೀವಿಯ ಮೇಲಿಟ್ಟು, ಗಂಡ ಬರುವುದನ್ನೇ ಕಾಯುತ್ತಾ ಕೂತರು. ಬಂದ ಕೂಡಲೇ ಹೇಳಿಬಿಡಬೇಕು.

ಗಂಗಾಧರಯ್ಯನವರು ಬಂದರು. ಚಪ್ಪಲಿ ಬಿಡುತ್ತಲೇ ಪರದೆ ಕಂಡಿತು.

"ನೋಡಿದ್ಯಾ!" ಎಂದರು. "ನೋಡಿದ್ಯಾ ಕಮಲಾ! ಅರ್ಧ ದಿನ ತಡೀಲಿಲ್ಲ!"

"ರೀ, ಅದು..."

"ಏನೂ ಹೇಳ್ಬೇಡ, ಕಣ್ಣಿಗೆ ಕಾಣ್ತಿದೆಯಲ್ಲ! ನಾನು ಹೇಳ್ಲಿಲ್ವಾ, ಗಾಳಿ ಇಲ್ಲದ ಕಾರ್ಡು ನಮ್ಮೂರಿಗೆ ಆಗಲ್ಲ ಅಂತ? ಡಬ್ಬದ ನಂಬರ್ ನೋಡ್ತಾರಂತೆ! ರೇಡಿಯೋ ಸಾರ್ ಅಂತೆ!"

ಮುದ್ದೆ ಮುರಿಯುತ್ತಾ ತಾವೇ ನಕ್ಕರು. ಸಾರು ಬಡಿಸಿಕೊಳ್ಳುವುದನ್ನೂ ಮರೆತು ತಿರುಮಲೇಶನ ಮುಖ ಹೇಗಾಗಬಹುದೆಂದು ಅಭಿನಯಿಸಿ ತೋರಿಸಿದರು. ಕ್ಲಾಸಿನ ಮುಂದಿನ ಬೆಂಚಿನಲ್ಲಿ ಹುಡುಗರ ನಡುವೆ ತಲೆ ತಗ್ಗಿಸಿ ಕೂತು ಬಂದ ಮನುಷ್ಯ ಇಷ್ಟು ಬಾಯಿತುಂಬ ನಕ್ಕಿದ್ದನ್ನು ಕಮಲಾದೇವಿ ನೋಡಿ ವರ್ಷಗಳಾಗಿದ್ದವು. ಆ ನಗುವಿನ ನಡುವೆ ತಮ್ಮ ಮಾತನ್ನು ಎಲ್ಲಿ ತೂರಿಸುವುದೆಂದು ತಿಳಿಯದೆ, ಇನ್ನೊಂದು ಚೂರು ತುಪ್ಪ ಬಡಿಸಿದರು. ಕೈ ತೊಳೆದವರೇ ಅವರು ಸ್ಪಂದನಾಳಿಗೆ ಫೋನು ಮಾಡಿದರು. ಅಂಗಡಿಗೆ ಹೋಗುವಾಗ ತಿರುಮಲೇಶನ ಬಾಗಿಲಲ್ಲೂ ನಿಂತು ಗೆದ್ದ ಸುದ್ದಿ ಹೇಳಿದರು. ಸಂಜೆ ಅವಳು ಬಂದು ಕತ್ತಿಯವಳನ್ನು ಕರೆದುಕೊಂಡು ಹೋದಳು. ಹಲ್ಲಿ ಡಬ್ಬ ಸೇರಿ ಬಾಗಿಲ ಪಕ್ಕ ವಾಪಸು ಹೋಗಲು ಕಾದು ಕೂತಿತು.

ಕಮಲಾದೇವಿ ಎರಡು ಸಲ ಆ ಡಬ್ಬವನ್ನು ಒರೆಸಿದರು. ಅದರ ಮೇಲೆ ಧೂಳೇನೂ ಇರಲಿಲ್ಲ.

ಗುರುವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಸ್ಪಂದನಾ ಮತ್ತೆ ಬಂದಳು. ದೂರು ಹೇಳುವ ದನಿಯೇ ಅಲ್ಲ. "ಅಂಕಲ್, ನಂದೇ ಏನೋ ತಪ್ಪಿರಬೇಕ್ರಿ. ಹೂವಿನ ಅಲಂಕಾರ, ದೀಪ ಎಲ್ಲಾ ಕೂಡಿಸಿದ ಮ್ಯಾಲ ಕಮಾನಿನ ಹತ್ರ ಮತ್ತ ನಿಂತು ನಿಂತು ಹೊಂಟೈತ್ರಿ."

ಗಂಗಾಧರಯ್ಯನವರು ಕನ್ನಡಕ ಹಾಕಿಕೊಂಡು ಎರಡೂ ಡಬ್ಬದ ಕಾಗದಗಳನ್ನು ದೀಪದ ಹತ್ತಿರ ಹರಡಿದರು. ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನು ಅಂದೇ ಮೊದಲು ಬೆರಳಿಟ್ಟು ಓದಿದ್ದು. ಓದುತ್ತಾ ಓದುತ್ತಾ ಅವರ ಬೆರಳು ಒಂದು ಕಡೆ ನಿಂತಿತು.

"ಕಮಲಾ, ನಮ್ಮ ಹಿಂದಿನ ಮನೆಯವರದ್ದು ದೊಡ್ಡ ಸಂಪು ಅಲ್ವಾ?"

"ಹ್ಞೂಂ. ಎರಡು ಲಾರಿ ನೀರು ಹಿಡಿಯುತ್ತೆ."

"ಅವರ ಮನೆ ಬಕೆಟ್ಟು ತುಂಬೋಕೆ ಎಷ್ಟು ಹೊತ್ತು?"

"ಅಯ್ಯೋ, ಅರ್ಧ ಇಂಚಿನ ಪೈಪು ಹಾಕಿಸ್ಕೊಂಡಿದಾರೆ. ಒಂದು ಬಕೆಟ್ಟು ತುಂಬೋ ಅಷ್ಟರಲ್ಲಿ ನಮ್ಮನೇಲಿ ಎರಡು ತುಂಬುತ್ತೆ."

"ಅದೇ ಇದು" ಎಂದರು ಗಂಗಾಧರಯ್ಯನವರು, ದನಿ ತಗ್ಗಿಸಿ. "ಮೆಮೊರಿ ಅಂದ್ರೆ ಸಂಪು. ಕತ್ತಿಯವಳದ್ದು ಸಂಪು ದೊಡ್ಡದು, ಪೈಪಿನ ಅಗಲ ಅರವತ್ನಾಲ್ಕು ಬಿಟ್. ಹಲ್ಲೀದು ಸಂಪು ಚಿಕ್ಕದು, ಪೈಪು ನೂರಿಪ್ಪತ್ತೆಂಟು. ಎರಡರಷ್ಟು ಅಗಲ. ನಾನು ಸಂಪು ನೋಡಿದೆ, ಪೈಪು ನೋಡ್ಲಿಲ್ಲ." ಕಾಗದಗಳನ್ನು ಮಡಿಸುತ್ತಾ, "ಆದ್ರೆ ಏನ್ಮಾಡೋದು ಮಗಾ, ಪೈಪು ಎಷ್ಟು ದಪ್ಪ ಇದ್ರೇನು, ಅರ್ಧ ದಿನಕ್ಕೆ ಒಡ್ಕೊಳ್ತಲ್ಲ. ಶಾಂತವೀರಪ್ಪನವರ ಮುಂದೆ ಪಟ್ಟೆ ಬಂದು ನಿಂತ್ರೆ? ಅದಕ್ಕಿಂತ ತೊದಲೋದೇ ವಾಸಿ. ಕಮಾನು ತೆಗೆದುಬಿಡು."

"ಅವರಿಗೆ ಕಮಾನೇ ಬೇಕ್ರಿ. ಅವರವ್ವನ ಹೆಸರು ಅದರ ಮ್ಯಾಲ ಬರಸ್ತಾರಂತ." ಸ್ಪಂದನಾ ಚೀಲ ಹೆಗಲಿಗೇರಿಸಿದಳು. "ಇರ್ಲಿ ಬಿಡ್ರಿ ಅಂಕಲ್. ನೀವು ನೋಡಿ ಹೇಳೀರಿ, ನೀವು ಹೇಳಿದ್ದೇ ಖರೇ."

ಆ ಮಾತು ಕಮಲಾದೇವಿಗೆ ಚುಚ್ಚಿದಷ್ಟು ಬೈಗುಳವೂ ಚುಚ್ಚುತ್ತಿರಲಿಲ್ಲ. ಗಂಡ ನೋಡಿರಲಿಲ್ಲ. ನೋಡಿದ್ದವರು ತಾವು. ಅವರು ಎದ್ದು ಟೀವಿಯ ಮೇಲಿದ್ದ ಗವಸನ್ನು ತಂದು ಗಂಡನ ತೊಡೆಯ ಮೇಲೆ ಇಟ್ಟರು.

"ಹಲ್ಲಿ ತಾನಾಗೇ ನಿಲ್ಲಲಿಲ್ಲ ಕಣ್ರೀ. ನಾನು ಹೊದಿಸಿದ್ದೆ."

ಗಂಗಾಧರಯ್ಯನವರಿಗೆ ಅರ್ಥವಾಗಲಿಲ್ಲ.

"ಮೆಣಸಿನಕಾಯಿ ಹುರೀತಿದ್ದೆ. ಹೊಗೆ ಹೋಗಿ ಕೂರುತ್ತೆ ಅಂತ, ಓಡ್ತಿರೋ ಹಂಗೇ ಹೊದಿಸ್ದೆ. ಮರ್ತೆ."

ಅವರು ಗವಸನ್ನು ಅಂಗೈ ಮೇಲೆ ತೂಗಿ ನೋಡಿದರು. ಅಸ್ತರಿಯನ್ನು ಬೆರಳಿನ ನಡುವೆ ಉಜ್ಜಿದರು. ಗಿಣಿಗಳನ್ನು ನೋಡಿದರು.

"ಎಷ್ಟು ಹೊತ್ತು?"

"ಪುಡಿ ಸಾಮಾನೆಲ್ಲ ಹುರಿದು, ನೀರು ಹಿಡಿದು ಬರೋವರೆಗೆ. ಒಂದೂವರೆ ಗಂಟೆ."

"ಹೊದಿಸೋ ಮುಂಚೆ ಎಣಿಸಿದ್ಯಾ?"

"ಮೂರು ಸಲ."

"ಎಷ್ಟು?"

"ಇಪ್ಪತ್ಮೂರು."

"ಕತ್ತಿಯವಳದ್ದು?"

"ನಲವತ್ನಾಲ್ಕು."

ಸ್ಪಂದನಾ ಹೆಗಲಿನ ಚೀಲವನ್ನು ಮತ್ತೆ ಕೆಳಗಿಟ್ಟಳು. ಗಂಗಾಧರಯ್ಯನವರು ಗೋಡೆಯಿಂದ ಕ್ಯಾಲೆಂಡರು ಇಳಿಸಿ, ಹಾಳೆ ಮಗುಚಿ, ಆ ದುಂಡನೆಯ ಅಂಕಿಗಳನ್ನು ನೋಡಿದರು. "ಇಷ್ಟು ಬರ್ದಿಟ್ಕೊಂಡು ಎರಡು ದಿನ ಬಾಯಿ ಮುಚ್ಕೊಂಡು ಕೂತಿದ್ದೀಯಲ್ಲೇ" ಎಂದರು. ಆಮೇಲೆ ಗೇಟಿನ ಹತ್ತಿರ ಹೋಗಿ ಬೆನ್ನು ತೋರಿಸಿ ನಿಂತುಬಿಟ್ಟರು. ಬೀದಿಯಲ್ಲಿ ಬಸ್ಸು ಹೋಯಿತು, ಇನ್ನೊಂದು ಹೋಯಿತು. ಕಮಲಾದೇವಿ ಅವರ ಬೆನ್ನನ್ನೇ ನೋಡುತ್ತಾ ಇದ್ದರು.

ವಾಪಸು ಬಂದಾಗ ದನಿ ಮೆತ್ತಗಾಗಿತ್ತು. "ಹೇಳಿದ್ರೆ ನಾನು ಬೈತಿದ್ನಾ?"

"ಬೈತಿರ್ಲಿಲ್ಲ" ಎಂದರು ಕಮಲಾದೇವಿ. "ನಿಮ್ಮ ನಗು ನಿಂತುಬಿಡ್ತಿತ್ತು."

ಗಂಗಾಧರಯ್ಯನವರು ಕ್ಯಾಲೆಂಡರನ್ನು ಮತ್ತೆ ಗೋಡೆಗೆ ತೂಗುಹಾಕಿದರು. ಸ್ಪಂದನಾಳ ಕಡೆ ತಿರುಗಿ, "ನಾಳೆ ಬೆಳಗ್ಗೆ ಮನೇಲೇ ಇರು ಮಗಾ" ಎಂದರು ಅಷ್ಟೆ.

ಶುಕ್ರವಾರ ಐದೂವರೆಗೇ ಹಲ್ಲಿ ಮತ್ತೆ ಪೆಟ್ಟಿಗೆಯೊಳಗೆ ಕೂತಿತು. ಆ ದಿನ ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದಿಲ್ಲ. ಮೊಸರವಲಕ್ಕಿಯ ತಟ್ಟೆ ಹಿಡಿದು ಗಂಡಹೆಂಡಿರಿಬ್ಬರೂ ಟೀವಿ ನೋಡುವವರ ಹಾಗೆ ಚಾಪೆಯ ಮೇಲೆ ಕೂತರು. ಈ ಸಲ ಅವರು ಮೂಲೆಯ ಅಂಕಿ ನೋಡಿದರು, ಇವರು ಬೆರಳು ಮಡಿಸಿದರು. ಆರು ಗಂಟೆಗೆ ಇಪ್ಪತ್ಮೂರು. ಏಳಕ್ಕೂ ಇಪ್ಪತ್ಮೂರು. ಎಂಟಕ್ಕೂ ಅಷ್ಟೇ. ಗಂಗಾಧರಯ್ಯನವರು ಹಲ್ಲಿಯ ಬಾಚಣಿಗೆಯ ಹತ್ತಿರ ಬೆರಳು ಒಯ್ದು, "ಸುಡುತ್ತೆ. ಆದ್ರೆ ಉಸಿರಾಡ್ತಿದೆ" ಎಂದರು.

ಅಷ್ಟಕ್ಕೇ ಬಿಟ್ಟರೆ ಅವರು ಗಂಗಾಧರಯ್ಯನವರೇ ಅಲ್ಲ. "ಆ ಗಿಣಿ ಕೊಡು ಇಲ್ಲಿ" ಎಂದರು.

"ರೀ, ಬೇಡ! ಹೋಗಿಬಿಟ್ರೆ?"

"ಒಂದ್ಸಲ ಹೊದಿಸಿ ಬದುಕಿದೆ. ಇನ್ನೊಂದ್ಸಲ ತಡೆಯುತ್ತೆ. ಕಾರಣ ಅದೇ ಅಂತ ನನ್ನ ಕಣ್ಣಿಗೆ ಕಾಣ್ಬೇಕು."

ತಮ್ಮ ಕೈಯಾರೆ ಹೊದಿಸಿದರು. ಇಬ್ಬರೂ ಪರದೆಯನ್ನೇ ನೋಡಿದರು. ಒಂಬತ್ತು ದಾಟಿ ಸ್ವಲ್ಪ ಹೊತ್ತಿಗೆ ಮಂಟಪದ ಕಂಬವೊಂದು ಹಸಿರಾಯಿತು, ಆಮೇಲೆ ಸೀರೆಯ ದಡಿ ಬಂತು. ಗಂಗಾಧರಯ್ಯನವರು ಗವಸನ್ನು ಸರಕ್ಕನೆ ಎಳೆದು, ಸ್ವಿಚ್ಚು ಆರಿಸಿ, ಚಾಪೆಯ ಮೇಲೆ ಕೂತಲ್ಲೇ ತೊಡೆ ತಟ್ಟಿಕೊಂಡರು.

"ಕಮಲಾ! ಮೂರನೇ ಕ್ರಾಸಿನ ಶಾಮಣ್ಣನ ಮನೆ!"

"ಅವರಿಗೇನಾಯ್ತು?"

"ಅವರ ಕಂಪ್ಯೂಟರು! ನಾನು ಎರಡು ಸಲ ಪವರ್ ಸಪ್ಲೈ ಬದಲಾಯಿಸಿ ಬಂದೆ. ನಮ್ಮ ಅಂಗಡೀಲಿ ಒಂದು ದಿನ ಓಡಿಸಿದ್ರೆ ಏನೂ ಇಲ್ಲ, ಅವರ ಮನೇಲಿ ದಿನಾ ನಿಲ್ಲುತ್ತೆ. ಅವರ ಮನೆಯವರೂ ಹೊದಿಸ್ತಾರೆ ಕಣೇ! ನೂಲಿನ ಜಾಲರಿ, ಅದರ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಚನ್ನಪಟ್ಟಣದ ಗೊಂಬೆ ಬೇರೆ ಕೂರ್ಸಿರ್ತಾರೆ! ನಾನು ಹೋದಾಗ ಮಾತ್ರ ಮರ್ಯಾದೆಗೆ ಅಂತ ತೆಗೆದಿಡ್ತಾರೆ. ನಂಗೆ ಹೊಳೀಲೇ ಇಲ್ವಲ್ಲ!"

ಬುಧವಾರದ ನಗು ಮತ್ತೆ ಬಂದಿತ್ತು. ಕಮಲಾದೇವಿಗೆ ಅದನ್ನು ನೋಡಿ, ಎರಡು ದಿನದಿಂದ ಎದೆಯ ಮೇಲೆ ಕೂತಿದ್ದ ಒರಳುಕಲ್ಲು ಇಳಿದ ಹಾಗಾಯಿತು.

ಹಲ್ಲಿ ತಣ್ಣಗಾದ ಮೇಲೆ ಅದನ್ನು ಡಬ್ಬದಲ್ಲಿಟ್ಟುಕೊಂಡು ಸ್ಕೂಟರಿನಲ್ಲಿ ಇಬ್ಬರೂ ಇಟ್ಟಮಡುವಿಗೆ ಹೋದರು. "ನೀನ್ಯಾಕೆ?" ಎಂದದ್ದಕ್ಕೆ, "ಎಣಿಸೋಕೆ" ಎಂದಿದ್ದರು ಕಮಲಾದೇವಿ. ಸ್ಪಂದನಾಳ ರೂಮಿನಲ್ಲಿ ಕತ್ತಿಯವಳನ್ನು ಇಳಿಸಿ ಹಲ್ಲಿಯನ್ನು ಕೂರಿಸಿದರು. ಹೂವು, ದೀಪ, ಕಮಾನು ಎಲ್ಲ ಇದ್ದ ಮಂಟಪ. ಕಮಲಾದೇವಿ ಮಂಚದ ತುದಿಯಲ್ಲಿ ಕೂತು ಹೆಬ್ಬೆರಳನ್ನು ಗೆಣ್ಣಿನಿಂದ ಗೆಣ್ಣಿಗೆ ಸರಿಸಿದರು. ಕಮಾನಿನ ಹತ್ತಿರ ಬಂದಾಗ ಮೂವರೂ ಮುಂದಕ್ಕೆ ಬಾಗಿದರು. ಚಿತ್ರ ಬಿಕ್ಕಲಿಲ್ಲ.

"ಇಪ್ಪತ್ತಾರು. ಹೂವು ಜಾಸ್ತಿ ಆಯ್ತಲ್ಲ, ಅದಕ್ಕೆ ಮೂರು" ಎಂದರು ಕಮಲಾದೇವಿ.

ಸ್ಪಂದನಾ ಅವರ ಎರಡೂ ಕೈ ಹಿಡಿದುಕೊಂಡಳು. "ಆಂಟಿ, ಅಲ್ಲಿ ನೋಡ್ರಿ" ಎಂದು ನಾಚುತ್ತಾ ಮೂಲೆ ತೋರಿಸಿದಳು. ಕಂಪ್ಯೂಟರಿಗೆಂದು ಅವಳವ್ವ ಹಾವೇರಿಯಿಂದ ಕಳಿಸಿದ ಕೌದಿ ಮಡಿಸಿಟ್ಟಿತ್ತು. ಗಂಗಾಧರಯ್ಯನವರು ಅದನ್ನು ಎತ್ತಿ ಅವಳ ಮಂಚದ ಮೇಲೆ ಹರಡಿ, "ಇದು ನಿಂಗೆ ಹೊದ್ಕೊಳ್ಳೋಕೆ. ಅದಕ್ಕಲ್ಲ" ಎಂದರು.

ಕತ್ತಿಯವಳನ್ನು ವಾಪಸು ಕೊಡಲು ಹೋಗುವ ದಾರಿಯಲ್ಲಿ ಸ್ಕೂಟರು ಗಾಜಿನ ಬಾಗಿಲಿನ ಮುಂದೆ ನಿಂತಿತು. ಇಲ್ಲಿ ನಿಲ್ಲಿಸುತ್ತಾರೆಂದು ಕಮಲಾದೇವಿಗೆ ಗೊತ್ತಿರಲಿಲ್ಲ. ತಿರುಮಲೇಶ ಹೊರಗೆ ಬಂದ.

"ಏನ್ ರೇಡಿಯೋ ಸಾರ್, ಜೋಡೀಲಿ ಸವಾರಿ! ನಮಸ್ಕಾರ ಆಂಟಿ."

"ನೀನು ಹೇಳಿದ್ದೇ ಸರಿ ಕಣಯ್ಯ" ಎಂದರು ಗಂಗಾಧರಯ್ಯನವರು, ಸ್ಕೂಟರಿನಿಂದ ಇಳಿಯದೆ. "ಬುಧವಾರ ನಿನ್ನ ಮುಂದೆ ಹಾರಾಡಿದ್ನಲ್ಲ, ಅದು ತಪ್ಪು. ಟೆಸ್ಟು ಕೆಟ್ಟಿತ್ತು. ಫ್ಯಾನಿಲ್ಲದ ಕಾರ್ಡೇ ಒಳ್ಳೇದು."

"ಟೆಸ್ಟು ಕೆಡಿಸಿದ್ದು ನಾನಪ್ಪ" ಎಂದರು ಹಿಂದಿನ ಸೀಟಿನಿಂದ ಕಮಲಾದೇವಿ. "ಗವಸು ಹೊದಿಸ್ಬಿಟ್ಟೆ."

ತಿರುಮಲೇಶ ನಗುತ್ತಾನೆಂದು ಇಬ್ಬರೂ ಕಾದರು. ಅವನು ತಲೆ ಕೆರೆದುಕೊಂಡ. "ಸಾರ್, ನಾನು ಹೇಳಿದ್ದು ನೆಟ್ಟಲ್ಲಿ ಓದಿ ಸಾರ್. ಒಂದನ್ನೂ ಹಾಕಿ ನೋಡಿರ್ಲಿಲ್ಲ." ಆಮೇಲೆ ಹತ್ತಿರ ಬಂದು, ದನಿ ತಗ್ಗಿಸಿ, "ಸಾರ್, ಆ ಗವಸು ಅಂದ್ರಲ್ಲ. ಪದ್ಮನಾಭನಗರದಲ್ಲಿ ಒಬ್ರು ಎರಡು ತಿಂಗಳಿಂದ ನನ್ನ ಪ್ರಾಣ ತಿಂತಿದಾರೆ, ಸುಮ್ಮಸುಮ್ಮನೆ ನಿಲ್ಲುತ್ತೆ ಅಂತ. ಅಲ್ಲೂ ಇದೇನಾ?"

"ಹೋದಾಗ ಕೇಳು, ಏನ್ ಹೊದಿಸ್ತೀರಿ ಅಂತ. ಯಂತ್ರ ನೋಡೋ ಮುಂಚೆ ಅದನ್ನ ಕೇಳು."

"ಸರಿ ಗುರುಗಳೇ" ಎಂದ ತಿರುಮಲೇಶ. ಈ ಸಲ ಗೇಲಿ ಎಷ್ಟೆಂದು ಗಂಗಾಧರಯ್ಯನವರು ಲೆಕ್ಕ ಹಾಕಲಿಲ್ಲ.

ಶನಿವಾರ ಶಾಂತವೀರಪ್ಪನವರು ಬಂದರು. ಮಂಟಪವನ್ನು ಎರಡು ಸುತ್ತು ನೋಡಿ, ಕಾರ್ಡಿನ ಬಗ್ಗೆಯಾಗಲಿ ಕಂಪ್ಯೂಟರಿನ ಬಗ್ಗೆಯಾಗಲಿ ಒಂದು ಮಾತೂ ಆಡದೆ, "ಊಟದ ಹಾಲಿಂದ ಕೈ ತೊಳೆಯೋಕೆ ಬಹಳ ದೂರ ಆಯ್ತಲ್ಲಮ್ಮ, ವಯಸ್ಸಾದವರು ಹೆಂಗೆ ನಡೀತಾರೆ?" ಎಂದು ಕೇಳಿದರಂತೆ. ಕಮಾನಿನ ಮುಂದೆ ನಿಲ್ಲಿಸಲು ಹೇಳಿ, ಅವ್ವನ ಹೆಸರಿನ ಅಕ್ಷರ ಇನ್ನೂ ತುಸು ದಪ್ಪ ಇರಲಿ ಎಂದರಂತೆ. ಆಗಲೇ ಕಟ್ಟಿ ನಿಲ್ಲಿಸಿದ ಮಂಟಪದೊಳಗೆ ನಿಂತವರ ಹಾಗೆ ಮಾತಾಡಿದರು ಎಂದು ಸ್ಪಂದನಾ ಫೋನಿನಲ್ಲಿ ಹೇಳುವಾಗ ಅವಳ ದನಿ ಕುಣಿಯುತ್ತಿತ್ತು. ಹಿಂದೆಯೇ ಎರಡು ಮನೆಗಳ ಕೆಲಸವೂ ಸಿಕ್ಕಿತು.

ಗಂಗಾಧರಯ್ಯನವರ ಹೊಸ ಪದ್ಧತಿ ಅಲ್ಲಿಂದ ಶುರುವಾಯಿತು. ಕಂಪ್ಯೂಟರು ನಿಲ್ಲುತ್ತದೆ ಎಂದು ಯಾರೇ ಕರೆದರೂ ಮೊದಲು ಒಳಮನೆಯ ಕಡೆ ನೋಡಿ, "ಅಮ್ಮಾ, ಇದಕ್ಕೇನು ಹೊದಿಸ್ತೀರಿ?" ಎನ್ನುವರು. ಬನಶಂಕರಿಯಿಂದ ಸಿದ್ದಾಪುರದವರೆಗೆ ಎಷ್ಟು ಮನೆಗಳಲ್ಲಿ ಎಷ್ಟು ಕಸೂತಿ, ಎಷ್ಟು ನೂಲಿನ ಜಾಲರಿ, ಎಷ್ಟು ಹಳೆಯ ಸೀರೆಯ ಸೆರಗು ಕಳಚಿಕೊಂಡವೋ! ಗಿಣಿಗಳ ಗವಸು ಮಾತ್ರ ಅಂಗಡಿಗೆ ಹೋಗಿ ಗೋಡೆಯ ಮೇಲೆ ತೂಗಿತು. ಕೇಳಿದವರಿಗೆಲ್ಲ, "ನಮ್ಮ ಮನೆಯವಳು ಹಾಕಿದ ಕಸೂತಿ, ಹೆಂಗಿದೆ ನೋಡಿ" ಎನ್ನುವರು. ಅದು ಕೆಡಿಸಿದ ಟೆಸ್ಟಿನ ಕಥೆಯನ್ನು, ಕೇಳಿದವರ ಮುಖ ನೋಡಿಕೊಂಡು, ಆಮೇಲೆ ಹೇಳುವರು.

ಇನ್ನೊಂದು ಬದಲಾವಣೆ ಹೊರಗಿನವರಿಗೆ ಗೊತ್ತಿಲ್ಲದ್ದು. ಅಂದಿನಿಂದ ಗಂಗಾಧರಯ್ಯನವರು ಮಧ್ಯಾಹ್ನ ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ, ಪರದೆ ನೋಡುವ ಮೊದಲು, ತಟ್ಟೆಯ ಮುಂದೆ ಕೂರುವ ಮೊದಲು, ಹೆಂಡತಿಯ ಎದುರು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. ರೇಡಿಯೋದ ಬೆನ್ನಿಗೆ ಕಿವಿ ಕೊಟ್ಟ ಹಾಗೆಯೇ ತುಸು ಬಾಗಿ, "ಏನಾದ್ರೂ ಹೇಳೋದಿದ್ಯಾ?" ಎಂದು ಕೇಳುತ್ತಿದ್ದರು. ಉತ್ತರ ಬರುವವರೆಗೆ ಬಾಯಿ ತೆರೆಯುತ್ತಿರಲಿಲ್ಲ.

ಹೇಳುವಂಥದ್ದು ಕಮಲಾದೇವಿಯ ಹತ್ತಿರ ದಿನಾ ಎಲ್ಲಿರುತ್ತದೆ? ಆದರೂ ಅಷ್ಟು ಹೊತ್ತು ಕಾದು ನಿಂತ ಮನುಷ್ಯನನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ, ಏನಾದರೂ ಹುಡುಕಿ ಹೇಳುತ್ತಿದ್ದರು.

"ತೊವ್ವೆಗೆ ಇವತ್ತು ಉಪ್ಪು ಜಾಸ್ತಿ ಆಗಿದೆ ಕಣ್ರೀ" ಎನ್ನುತ್ತಿದ್ದರು.